ಕ್ಯಾಮರೊ ಹಿಂಬದಿಗೆ ಟರ್ಬೊ: ಲ್ಯಾಗ್ ಮಾತು ಬಿಡಿ, ಆಯಿಲ್ ವಾಪಸ್ ತರೋದು ಹೇಗೆ?

ಮಲ್ನಾಡ್_ಝಡ್28 | ಟ್ರಾಯ್, ಮಿಶಿಗನ್

ನಮಸ್ಕಾರ ಎಲ್ಲರಿಗೂ. ಗಾಡಿ 2000ನೇ ಇಸವಿಯ ಕ್ಯಾಮರೊ ಝಡ್28. 5.7 ಲೀಟರ್ ಎಲ್‌ಎಸ್1 ವಿ8, ಆರು ಗೇರಿನ ಟಿ56 ಮ್ಯಾನುವಲ್, ಕಂಪನಿ ಲೆಕ್ಕದಲ್ಲಿ 305 ಎಚ್‌ಪಿ. ಇದು ಸ್ಪೋರ್ಟ್ಸ್ ಕಾರೋ ಮಸಲ್ ಕಾರೋ ಅನ್ನೋ ಜಗಳ ಬೇರೆ ಕಡೆ ಇಟ್ಟುಕೊಳ್ಳೋಣ.

ಈ ಗಾಡಿಗೆ ಟರ್ಬೊ, ಅಂದರೆ ಎಕ್ಸಾಸ್ಟ್ ಹೊಗೆಯಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಯಂತ್ರ, ಹಾಕಬೇಕು. ಆದರೆ ಬಾನೆಟ್ ತೆಗೆದು ನೋಡಿದವರಿಗೆ ಗೊತ್ತು, ಎಂಜಿನ್ನಿನ ಹಿಂದಿನ ಭಾಗ ಮುಂದಿನ ಗಾಜಿನ ಕೆಳಗೆ ಹೋಗಿ ಕೂತಿರುತ್ತದೆ. ಹಿಂದಿನ ಸ್ಪಾರ್ಕ್ ಪ್ಲಗ್ ಬಿಚ್ಚುವುದಕ್ಕೇ ಕೈ ತರಚಿಕೊಳ್ಳಬೇಕು. ಅಲ್ಲಿ ಟರ್ಬೊ, ಅದರ ಬಿಸಿ ಪೈಪು ಎಲ್ಲಾ ತುರುಕಬೇಕಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬದಲಿಸಬೇಕು, ಎಸಿ ಕಂಪ್ರೆಸರ್ ಜಾಗ ಬದಲಿಸಬೇಕು, ಇನ್ನೂ ಏನೇನೋ. ಹಾಗಾಗಿ ಟರ್ಬೊವನ್ನು ಹಿಂದೆ ಇಡುವ ಯೋಚನೆ. ಹಿಂದಿನ ಆಕ್ಸಲ್ ದಾಟಿದ ಮೇಲೆ ಅಡ್ಡಲಾಗಿ ಒಂದು ದೊಡ್ಡ ಸೈಲೆನ್ಸರ್ ಇದೆಯಲ್ಲ, ಅದನ್ನು ಬಿಚ್ಚಿ ಅದೇ ಜಾಗಕ್ಕೆ ಟರ್ಬೊ. ಅಲ್ಲಿಂದ ಒತ್ತಿದ ಗಾಳಿ ಒಂದು ಪೈಪಿನಲ್ಲಿ ಗಾಡಿಯ ಅಡಿಯಲ್ಲೇ ಮುಂದಕ್ಕೆ ಬಂದು, ಅದನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ದಾಟಿ ಥ್ರಾಟಲ್‌ಗೆ ಹೋಗುತ್ತದೆ. ಇದು ನನ್ನ ಹೊಸ ಕಲ್ಪನೆಯೇನಲ್ಲ. 2000ದ ದಶಕದ ಮೊದಲಲ್ಲೇ ಯೂಟಾದ ಸ್ಕ್ವೈರ್ಸ್ ಟರ್ಬೊ ಸಿಸ್ಟಮ್ಸ್ ಇದೇ ಕ್ಯಾಮರೊ, ಫೈರ್‌ಬರ್ಡ್‌ಗಳಿಗೆ ಇಂಥ ಕಿಟ್ ಮಾರುತ್ತಿತ್ತು. ನಾನು ಕಿಟ್ ಕೊಳ್ಳುತ್ತಿಲ್ಲ, ಪೈಪ್ ಕತ್ತರಿಸಿ ನಾನೇ ವೆಲ್ಡ್ ಮಾಡುತ್ತೇನೆ.

ಗುರಿ ದೊಡ್ಡದಲ್ಲ. ಎಂಜಿನ್ ಒಳಗೆ ಕೈ ಹಾಕುವುದಿಲ್ಲ. 6 ಪಿಎಸ್‌ಐ, ಅಂದರೆ ಸುಮಾರು 0.4 ಬಾರ್ ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಹೆಚ್ಚುವರಿ ಒತ್ತಡ). ಆಗಸ್ಟಿನ ವುಡ್‌ವರ್ಡ್ ಡ್ರೀಮ್ ಕ್ರೂಸ್ (ಇಲ್ಲಿನ ಹಳೇ ಕಾರುಗಳ ಮೆರವಣಿಗೆ) ಹೊತ್ತಿಗೆ ಓಡಬೇಕು. ಟರ್ಬೊ 66 ಎಂಎಂ ಕಂಪ್ರೆಸರಿನದು, ಟಿ4 ಫ್ಲ್ಯಾಂಜ್, ಜರ್ನಲ್ ಬೇರಿಂಗ್ (ಗುಂಡುಗಳಿಲ್ಲದೆ ಆಯಿಲ್ ಪದರದ ಮೇಲೆ ಶಾಫ್ಟ್ ತಿರುಗುವಂಥದ್ದು). ಏನು ಹೇಳುತ್ತೀರಿ?

ಸೂಪರ್‌ಚಾರ್ಜರ್_ಸುಬ್ಬ | ಹ್ಯೂಸ್ಟನ್

ಗುರೂ, ಸುಮ್ನೆ ದುಡ್ಡು ಕಳೆದುಕೊಳ್ಳಬೇಡ. ಟರ್ಬೊ ತಿರುಗುವುದೇ ಬಿಸಿಯಿಂದ. ಎಂಜಿನ್ನಿಂದ ಮೂರು ನಾಲ್ಕು ಮೀಟರ್ ಹಿಂದಕ್ಕೆ ಹೋಗುವಷ್ಟರಲ್ಲಿ ಹೊಗೆ ಆರಿ ತಣ್ಣಗಾಗಿರುತ್ತದೆ. ಆಮೇಲೆ ಆ ಗಾಳಿ ಮತ್ತೆ ಅಷ್ಟೇ ದೂರ ಮುಂದಕ್ಕೆ ಬರಬೇಕು. ನೀನು ಆಕ್ಸಲರೇಟರ್ ಒತ್ತಿ, ಸಿಗ್ನಲ್ ದಾಟಿ, ಮನೆಗೆ ಹೋಗಿ ಊಟಕ್ಕೆ ಕೂತ ಮೇಲೆ ಬೂಸ್ಟ್ ಬರುತ್ತದೆ. ಲ್ಯಾಗ್ ಅಂದರೆ ಈ ತಡವೇ. ಒಂದು ಸೂಪರ್‌ಚಾರ್ಜರ್ ತಂದು ಬೆಲ್ಟ್ ಹಾಕು, ಅದು ಹೊಗೆಯಿಂದಲ್ಲ, ಎಂಜಿನ್ ಬೆಲ್ಟಿನಿಂದಲೇ ತಿರುಗಿ ಗಾಳಿ ಒತ್ತುತ್ತದೆ, ಮುಗೀತು.

ಉಷ್ಣಗತಿ | ಮೈಸೂರು

ಸುಬ್ಬಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ಯಾವ ಅರ್ಧ ಅಂತ ಲೆಕ್ಕ ಹಾಕಿ ನೋಡೋಣ, ಯಾಕೆಂದರೆ ಹಿಂಬದಿ ಟರ್ಬೊ ಮಾತು ಬಂದಾಗಲೆಲ್ಲ ಈ ಉದ್ದದ ಪೈಪಿನ ಭಯ ಬಂದೇ ಬರುತ್ತದೆ.

ಮುಂದಕ್ಕೆ ಬರುವ ಪೈಪಿನ ಒಳವ್ಯಾಸ 60 ಎಂಎಂ, ಉದ್ದ 4 ಮೀಟರ್ ಅಂತಿಟ್ಟುಕೊಳ್ಳಿ. ಒಳಗೆ ಹಿಡಿಯುವುದು 11 ಲೀಟರಿಗಿಂತ ಸ್ವಲ್ಪ ಜಾಸ್ತಿ. ಇಂಟರ್‌ಕೂಲರ್ ಸೇರಿಸಿ 15 ಲೀಟರ್ ಅನ್ನಿ. ಅದರ ಒತ್ತಡ 0.4 ಬಾರ್ ಏರಬೇಕಾದರೆ ಹೊರಗಿನ ಗಾಳಿ ಇನ್ನೊಂದು 6 ಲೀಟರ್ ಒಳಗೆ ಹೋಗಬೇಕು, ಅಷ್ಟೇ. ಈಗ ಎಂಜಿನ್ ನೋಡಿ. 5.7 ಲೀಟರ್, ಎರಡು ಸುತ್ತಿಗೆ ಒಂದು ಸಲ ಪೂರ್ತಿ ಉಸಿರು. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು. ಪೂರ್ತಿ ತುಂಬುವುದಿಲ್ಲ ಅಂತ ಸ್ವಲ್ಪ ಕಳೆದರೂ ಸೆಕೆಂಡಿಗೆ 120 ಲೀಟರ್ ಗಾಳಿ ಎಳೆಯುತ್ತದೆ. ಕಂಪ್ರೆಸರ್ ಅದಕ್ಕಿಂತ ಐದರಲ್ಲಿ ಒಂದು ಪಾಲು ಹೆಚ್ಚಿಗೆ ಕೊಟ್ಟರೂ ಆ 6 ಲೀಟರ್ ಕಾಲು ಸೆಕೆಂಡಿನಲ್ಲಿ ತುಂಬಿತು. ಊಟಕ್ಕೆಲ್ಲಾ ಕೂರುವಷ್ಟು ಹೊತ್ತಿಲ್ಲ.

ಬಿಸಿಯ ಮಾತು ಮಾತ್ರ ನಿಜ. ಮ್ಯಾನಿಫೋಲ್ಡ್ ಹತ್ತಿರ 850 ಡಿಗ್ರಿ ಇದ್ದದ್ದು ಹಿಂದೆ ಹೋಗುವಾಗ 600 ಆಯಿತು ಅಂತ ಹಿಡಿಯಿರಿ. ಕೆಲ್ವಿನ್‌ನಲ್ಲಿ 1123ರಿಂದ 873. ಅಂದರೆ ಟರ್ಬೈನ್‌ಗೆ (ಹೊಗೆ ತಿರುಗಿಸುವ ಚಕ್ರಕ್ಕೆ) ಸಿಗುವ ಶಕ್ತಿಯಲ್ಲಿ ನೂರಕ್ಕೆ 22ರಷ್ಟು ಹೋಯಿತು. ಆದರೆ ಗ್ಯಾಸಿನ ಗಾತ್ರವೂ ಅಷ್ಟೇ ಕುಗ್ಗಿತು. ಹಾಗಾಗಿ ಮುಂದೆ ಇಡುವ ಟರ್ಬೊಗೆ ಬಳಸುವ ಟರ್ಬೈನ್ ಹೌಸಿಂಗನ್ನೇ ಹಿಂದೆಯೂ ಹಾಕಿದರೆ ಅದು ದೊಡ್ಡದಾಗುತ್ತದೆ, ಲ್ಯಾಗ್ ಬರುತ್ತದೆ. ಎ/ಆರ್ (ಹೌಸಿಂಗಿನ ಗಾತ್ರದ ಅಳತೆ) ಒಂದು ಮೆಟ್ಟಿಲು ಚಿಕ್ಕದು ತೆಗೆದುಕೊಳ್ಳಿ. ಪೈಪಿಗೆ ಬಿಸಿ ಹಿಡಿದಿಡುವ ಎಕ್ಸಾಸ್ಟ್ ರ‍್ಯಾಪ್ ಸುತ್ತಿ.

ಇನ್ನೊಂದು ವಿಷಯ, ಇಷ್ಟ ಇದ್ದವರು ಓದಿ. ಎರಡನೇ ಮಹಾಯುದ್ಧದ ಪಿ-47 ಥಂಡರ್‌ಬೋಲ್ಟ್ ವಿಮಾನದಲ್ಲಿ ಎಂಜಿನ್ ಮೂತಿಯಲ್ಲಿ, ಟರ್ಬೊ ಪೈಲಟ್‌ನ ಬೆನ್ನ ಹಿಂದೆ ಬಾಲದ ಕಡೆ. ಹೊಗೆ ಪೈಪು ಹೊಟ್ಟೆಯ ಕೆಳಗೆ ಉದ್ದಕ್ಕೂ ಹಿಂದಕ್ಕೆ ಹೋಗುತ್ತಿತ್ತು, ಒತ್ತಿದ ಗಾಳಿ ಮುಂದಕ್ಕೆ ಬರುತ್ತಿತ್ತು. 1941ರಲ್ಲಿ ಮೊದಲು ಹಾರಿದ್ದು. ನಮ್ಮ ಗಾಡಿಯ ಪೈಪು ಅದರ ಮುಂದೆ ಏನೂ ಅಲ್ಲ.

ಸೂಪರ್‌ಚಾರ್ಜರ್_ಸುಬ್ಬ | ಹ್ಯೂಸ್ಟನ್

ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೂ ನಾನು ಸೂಪರ್‌ಚಾರ್ಜರ್ ಪಾರ್ಟಿ.

ಟ್ಯೂನ್_ಮಾಡೋನು | ಫೀನಿಕ್ಸ್

ಲ್ಯಾಗ್ ಚರ್ಚೆ ಮುಗೀತಲ್ವಾ, ಈಗ ಪೆಟ್ರೋಲಿಗೆ ಬನ್ನಿ. ಎಲ್‌ಎಸ್1ನ ಕಂಪ್ರೆಷನ್ (ಸಿಲಿಂಡರ್ ಒಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) 10.1ಕ್ಕೆ 1. ಟರ್ಬೊಗೆ ಇದು ಜಾಸ್ತಿಯೇ. ಪಿಸ್ಟನ್ ಎರಕದ್ದು, ಫೋರ್ಜ್ ಮಾಡಿದ್ದಲ್ಲ. ರಿಂಗಿನ ಬಾಯಿ ಗ್ಯಾಪ್ ಕೂಡ ಟರ್ಬೊ ಇಲ್ಲದ ಎಂಜಿನ್ನಿಗೆ ಅಂತ ಇಟ್ಟಿದ್ದು. ಬಿಸಿ ಜಾಸ್ತಿಯಾದರೆ ರಿಂಗಿನ ಎರಡು ತುದಿ ಒಂದಕ್ಕೊಂದು ತಾಗಿ ಪಿಸ್ಟನ್ನಿನ ಅಂಚನ್ನೇ ಕಿತ್ತುಕೊಂಡು ಬರುತ್ತದೆ. 6 ಪಿಎಸ್‌ಐ ಅಂತ ಹೇಳಿದ್ದೀರಲ್ಲ, ಅಲ್ಲೇ ನಿಲ್ಲಿ.

450 ಎಚ್‌ಪಿ ಅಂದಾಜಿಟ್ಟರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಲೆಕ್ಕ ಹೀಗೆ. ಟರ್ಬೊ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ 0.6 ಪೌಂಡ್ ಪೆಟ್ರೋಲ್ ಕುಡಿಯುತ್ತದೆ ಅಂತ ಹಿಡಿಯುವುದು ವಾಡಿಕೆ. ಒಟ್ಟು 270 ಪೌಂಡ್. ಎಂಟು ಇಂಜೆಕ್ಟರಿಗೆ ಹಂಚಿ, ಶೇಕಡಾ 85ಕ್ಕಿಂತ ಜಾಸ್ತಿ ಹೊತ್ತು ತೆರೆದಿರಬಾರದು ಅಂದರೆ ತಲಾ 40 ಪೌಂಡ್ ಹತ್ತಿರ ಬರುತ್ತದೆ. 42 ಪೌಂಡಿನದು ಹಾಕಿ. ಟ್ಯಾಂಕಿನೊಳಗಿನ ಪಂಪ್ 255 ಲೀಟರಿನದು ಹಾಕಿ. ಇಂಧನದ ಒತ್ತಡ ಈ ಗಾಡಿಯಲ್ಲಿ 58 ಪಿಎಸ್‌ಐಗೆ ನಿಂತಿರುತ್ತದೆ, ಬೂಸ್ಟ್ ಏರಿದ ಹಾಗೆ ತಾನೂ ಏರುವುದಿಲ್ಲ. 6 ಪಿಎಸ್‌ಐ ಬೂಸ್ಟ್ ಇದ್ದಾಗ ಇಂಜೆಕ್ಟರ್ ಕಣ್ಣಿಗೆ ಕಾಣುವುದು 52 ಮಾತ್ರ. ಇದನ್ನು ಟ್ಯೂನ್‌ನಲ್ಲಿ ಲೆಕ್ಕಕ್ಕೆ ಹಿಡಿಯಲೇಬೇಕು.

ಕಂಪನಿಯ ಮ್ಯಾಪ್ ಸೆನ್ಸರ್ (ಇನ್‌ಟೇಕಿನ ಒತ್ತಡ ಅಳೆಯುವುದು) 1 ಬಾರಿನದು, ಬೂಸ್ಟ್ ಅಂದರೆ ಅದಕ್ಕೆ ಗೊತ್ತೇ ಇಲ್ಲ. 2 ಬಾರ್ ಸೆನ್ಸರ್ ಹಾಕಿ, ಎಂಜಿನ್ ಕಂಪ್ಯೂಟರ್ ತಿದ್ದುವ ಸಾಫ್ಟ್‌ವೇರ್‌ಗಳಾದ ಎಚ್‌ಪಿ ಟ್ಯೂನರ್ಸ್ ಅಥವಾ ಇಎಫ್‌ಐಲೈವ್‌ನಲ್ಲಿ 2 ಬಾರಿನ ಸ್ಪೀಡ್ ಡೆನ್ಸಿಟಿ (ಒತ್ತಡದಿಂದ ಗಾಳಿಯ ಲೆಕ್ಕ ಹಾಕುವ) ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಿ. ಇಗ್ನಿಷನ್ ಟೈಮಿಂಗ್ ಬೂಸ್ಟಿನ ಪ್ರತಿ ಪಿಎಸ್‌ಐಗೆ ಒಂದು ಡಿಗ್ರಿ ಕಡಿಮೆ ಮಾಡಬೇಕು ಅನ್ನುವುದು ಮಾಮೂಲಿ ಮಾತು, ಆದರೆ 10.1 ಕಂಪ್ರೆಷನ್ನಿಗೆ ನಾನು ಇನ್ನೂ ಸ್ವಲ್ಪ ತೆಗೆದು ಶುರು ಮಾಡುತ್ತೇನೆ. 17 ಡಿಗ್ರಿಯಿಂದ ಶುರು ಮಾಡಿ, ನಾಕಿಂಗ್ (ಪೆಟ್ರೋಲ್ ತಾನಾಗಿ ಸ್ಫೋಟಿಸುವುದು) ನೋಡುತ್ತಾ ನಿಧಾನವಾಗಿ ಏರಿಸಿ. ಏರ್ ಫ್ಯುಯಲ್ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ) 11.5. ಪ್ಲಗ್ ಒಂದು ರೇಂಜ್ ತಣ್ಣಗಿನದು, ಎನ್‌ಜಿಕೆ ಟಿಆರ್6 ಸಾಕು, ಗ್ಯಾಪ್ 0.8 ಎಂಎಂ.

ಮಲ್ನಾಡ್_ಝಡ್28 | ಟ್ರಾಯ್, ಮಿಶಿಗನ್

ಧನ್ಯವಾದ ಸರ್, ಇದೆಲ್ಲಾ ಬರೆದಿಟ್ಟುಕೊಂಡೆ. ಇಲ್ಲಿ ಬಂಕ್‌ನಲ್ಲಿ 93 ಆಕ್ಟೇನ್ ಸಿಗುತ್ತದೆ. ಇಂಟರ್‌ಕೂಲರ್ ಬೇಡ, ಗಾಡಿಯ ಅಡಿಯ ಉದ್ದ ಪೈಪೇ ಗಾಳಿಯನ್ನು ತಣ್ಣಗೆ ಮಾಡುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಜವಾ?

ಉಷ್ಣಗತಿ | ಮೈಸೂರು

ಓಡುತ್ತಿರುವಾಗ ಸ್ವಲ್ಪ ನಿಜ. ಟ್ರಾಫಿಕ್‌ನಲ್ಲಿ ಸುಳ್ಳು. 35 ಡಿಗ್ರಿ ಸೆಕೆಯ ದಿನ 6 ಪಿಎಸ್‌ಐಗೆ ಒತ್ತಿದರೆ, ಕಂಪ್ರೆಸರ್ ದಕ್ಷತೆ ಶೇಕಡಾ 70 ಅಂತ ಹಿಡಿದು, ಗಾಳಿ 45 ಡಿಗ್ರಿಯಷ್ಟು ಏರುತ್ತದೆ. ಅಂದರೆ 80 ಡಿಗ್ರಿ. ಅದೇ ಪೈಪು ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ, ಕಾದ ಡಾಂಬರಿನ ಮೇಲೆ ನಿಂತಿದ್ದರೆ ತಣ್ಣಗಾಗುವುದಿರಲಿ, ಇನ್ನೂ ಬಿಸಿಯಾಗಬಹುದು. ಇಂಟರ್‌ಕೂಲರ್ ಹಾಕಿ. ಗಾಳಿಯ ಬಿಸಿ ಅಳೆಯುವ ಸೆನ್ಸರನ್ನು ಥ್ರಾಟಲ್ ಹತ್ತಿರದ ಪೈಪಿಗೆ ತನ್ನಿ. ಮೊದಲಿದ್ದ ಜಾಗದಲ್ಲೇ ಬಿಟ್ಟರೆ ಅದು ಹೊರಗಿನ ಹವೆಯನ್ನು ಹೇಳುತ್ತಾ ಕೂರುತ್ತದೆ.

ಹುಬ್ಬಳ್ಳಿ_ಟರ್ಬೊ | ಹುಬ್ಬಳ್ಳಿ

ನೀವು ಎಲ್ಲಾರೂ ಗಾಳಿ, ಪೆಟ್ರೋಲ್ ಅಂತ ಮಾತಾಡಾಕತ್ತೀರಿ. ಆಯಿಲ್ ಬಗ್ಗೆ ಒಬ್ಬರೂ ಕೇಳಲಿಲ್ಲ ನೋಡ್ರಿ.

ನಾನು ಲಾರಿ, ಬಸ್ಸುಗಳ ಟರ್ಬೊ ರಿಪೇರಿ ಮಾಡುವವನು. ಸ್ಪೋರ್ಟ್ಸ್ ಕಾರಿಗೆ ಕೈ ಹಚ್ಚಿಲ್ಲ. ಆದರೆ ಟರ್ಬೊ ಎಲ್ಲಾ ಕಡೆ ಒಂದೇ. ನನ್ನ ಟೇಬಲ್ ಮೇಲೆ ಬರುವ ಟರ್ಬೊಗಳು ಸುಮ್ಮನೆ ಸವೆದು ಬಂದಿದ್ದಕ್ಕಿಂತ ಆಯಿಲ್ ಸರಿಯಾಗಿ ಹೋಗದೆ, ಇಲ್ಲಾ ಸರಿಯಾಗಿ ವಾಪಸ್ ಬರದೆ ಕೆಟ್ಟಿದ್ದೇ ಜಾಸ್ತಿ.

ಬಹಳ ಮಂದಿಗೆ ಒಂದು ವಿಷಯ ಗೊತ್ತಿಲ್ಲ. ಟರ್ಬೊ ಶಾಫ್ಟಿನಲ್ಲಿ ನಿಮ್ಮ ಕ್ರ್ಯಾಂಕಿನಲ್ಲಿ ಇರುವಂಥ ರಬ್ಬರ್ ಆಯಿಲ್ ಸೀಲ್ ಇಲ್ಲ. ಲಕ್ಷ ಆರ್‌ಪಿಎಂ ತಿರುಗುವ ಕಡೆ ರಬ್ಬರ್ ಉಳಿಯುತ್ತದೆಯೇ? ಅಲ್ಲಿ ಇರುವುದು ಪಿಸ್ಟನ್ ರಿಂಗಿನಂಥ ಒಂದು ಸಣ್ಣ ಕಬ್ಬಿಣದ ರಿಂಗ್. ಬೆರಳ ತುದಿಯ ಮೇಲೆ ಇಟ್ಟುಕೊಂಡರೆ ಉಂಗುರಕ್ಕಿಂತ ಚಿಕ್ಕದು, ಬಾಯಿ ಬಿಟ್ಟುಕೊಂಡಿರುತ್ತದೆ. ಅದು ಆಯಿಲನ್ನು ತಡೆದು ನಿಲ್ಲಿಸುವುದಿಲ್ಲ. ಎರಡೂ ಕಡೆ ಗ್ಯಾಸಿನ ಒತ್ತಡ ಇರುತ್ತದೆ, ನಡುವಿನ ಆಯಿಲ್ ತನ್ನ ಭಾರಕ್ಕೆ ಕೆಳಗೆ ಸುರಿದು ಹೋಗುತ್ತಿರುತ್ತದೆ, ಹಾಗಾಗಿ ಹೊರಗೆ ಬರುವುದಿಲ್ಲ. ಕೆಳಗೆ ಹೋಗುವ ದಾರಿ ಕಟ್ಟಿತು ಅಂದರೆ ಬೇರಿಂಗ್ ಮನೆ ತುಂಬಿ, ಆಯಿಲ್ ಆ ರಿಂಗ್ ದಾಟಿ ಟರ್ಬೈನ್ ಕಡೆ ನುಗ್ಗುತ್ತದೆ. ಆವಾಗ ಹೊಗೆ. ಗಿರಾಕಿ ಬಂದು ಸೀಲ್ ಹೋಗಿದೆ ಅನ್ನುತ್ತಾನೆ. ಹೊಸ ಟರ್ಬೊ ಹಾಕಿದರೂ ಅದೇ ಹೊಗೆ, ಯಾಕಂದರೆ ಕಟ್ಟಿದ್ದು ಡ್ರೇನ್ ಪೈಪು.

ಲಾರಿಯಲ್ಲಿ ಟರ್ಬೊ ಮೇಲೆ, ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ. ಆಯಿಲ್ ತಾನಾಗಿ ಇಳಿಯುತ್ತದೆ. ನೀವು ಟರ್ಬೊ ಒಯ್ದು ಸೈಲೆನ್ಸರ್ ಜಾಗದಲ್ಲಿ ಇಟ್ಟರೆ ಅದು ಎಂಜಿನ್ ಚೇಂಬರಿಗಿಂತ ಮೇಲೆ ಇರುತ್ತದೆಯೋ ಕೆಳಗೋ? ಮೇಲೆ ಇದ್ದರೂ ನಾಲ್ಕು ಮೀಟರ್ ದೂರ. ತಾನಾಗಿ ವಾಪಸ್ ಬರುವ ಮಾತೇ ಇಲ್ಲ. ಪಂಪ್ ಬೇಕು. ಆ ಪಂಪೇ ನಿಮ್ಮ ಟರ್ಬೊದ ಜೀವ. ಯಾವ ಪಂಪ್ ಹಾಕುತ್ತೀರಿ ಹೇಳ್ರಿ ಮೊದಲು.

ಕರಾವಳಿ_ಗಾಡಿ | ನ್ಯೂಜೆರ್ಸಿ

ಮಾರಾಯ್ರೆ, ಇವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನನ್ನ ಹತ್ತಿರ ಮೊದಲು ಇದೇ ತರದ ಹಿಂಬದಿ ಟರ್ಬೊದ ಫೈರ್‌ಬರ್ಡ್ ಇತ್ತು. ಬೇರೆಯವರು ಕಟ್ಟಿಸಿದ್ದ ಗಾಡಿ, ನಾನು ಹಾಗೇ ಕೊಂಡದ್ದು. ಅದರಲ್ಲಿದ್ದದ್ದು ಡಯಾಫ್ರಮ್ ಪಂಪ್, ನೀರಿಗೆ ಬಳಸುವ ಜಾತಿಯದ್ದು. ಬಿಸಿ ಆಯಿಲಿಗೆ ಒಳಗಿನ ರಬ್ಬರ್ ಮೆತ್ತಗಾಗಿ ಒಂದು ದಿನ ಹೈವೇಯಲ್ಲಿ ನಿಂತುಬಿಟ್ಟಿತು. ಎಂಜಿನ್ ಓಡುತ್ತಲೇ ಇದೆ, ಟರ್ಬೊಗೆ ಆಯಿಲ್ ಹೋಗುತ್ತಲೇ ಇದೆ, ವಾಪಸ್ ಬರುತ್ತಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಕಾಣುವುದಿಲ್ಲ, ನಮ್ಮ ಊರಿಗೆ ಸೊಳ್ಳೆ ಹೊಡೆಯುವುದಕ್ಕೆ ಬರುವ ಹೊಗೆ ಗಾಡಿಯ ತರ. ಹಿಂದಿನ ಕಾರಿನವನು ಬೆಂಕಿ ಬಿದ್ದಿದೆ ಅಂತ ಹಾರನ್ ಹೊಡೆದದ್ದೇ ಹೊಡೆದದ್ದು. ನಿಲ್ಲಿಸಿ ನೋಡಿದರೆ ಬಂಪರ್ ಪೂರ್ತಿ ಆಯಿಲ್, ಎಂಜಿನ್ನಿನಲ್ಲಿ ಡಿಪ್‌ಸ್ಟಿಕ್‌ಗೆ ಏನೂ ಹತ್ತುವುದಿಲ್ಲ.

ಇದರಲ್ಲಿ ನಿಜವಾದ ಅಪಾಯ ಹೊಗೆಯಲ್ಲ. ಚೇಂಬರಿನ ಆಯಿಲ್ ಪೂರಾ ಟೈಲ್ ಪೈಪಿನಿಂದ ಹೊರಗೆ ಹೋಗುತ್ತದೆ, ಅದು ನಿಮಗೆ ಗೊತ್ತಾಗುವಾಗ ಎಂಜಿನ್ ಬೇರಿಂಗೂ ಹೋಗಿರುತ್ತದೆ. ನನ್ನದು ಉಳಿದದ್ದು ಪುಣ್ಯ.

ಮಲ್ನಾಡ್_ಝಡ್28 | ಟ್ರಾಯ್, ಮಿಶಿಗನ್

ಹುಬ್ಬಳ್ಳಿ ಅಣ್ಣ, ನಿಮ್ಮಂಥವರು ಈ ಥ್ರೆಡ್‌ಗೆ ಬರಲಿ ಅಂತಲೇ ಕಾಯುತ್ತಿದ್ದೆ. ನನ್ನ ಯೋಜನೆ ಹೀಗಿದೆ, ಎಲ್ಲಿ ತಪ್ಪಿದೆ ಹೇಳಿ.

ಆಯಿಲ್ ತೆಗೆಯುವುದು ಎಂಜಿನ್ನಿನ ಆಯಿಲ್ ಫಿಲ್ಟರ್ ಮೇಲೆ ಎರಡು ಬೋಲ್ಟಿನ ಒಂದು ಮುಚ್ಚಳ ಇದೆಯಲ್ಲ, ಅಲ್ಲಿಂದ. ಸ್ಟೀಲ್ ಹೆಣೆದ 6 ಎಂಎಂ ಹೋಸ್, ಉದ್ದ 4 ಮೀಟರ್. ದಾರಿಯಲ್ಲಿ ಒಂದು ಸಣ್ಣ ಜಾಲರಿ ಫಿಲ್ಟರ್. ಟರ್ಬೊ ಹತ್ತಿರ ಸ್ಪ್ರಿಂಗ್ ಇರುವ ಚೆಕ್ ವಾಲ್ವ್, ಎಂಜಿನ್ ಆಫ್ ಮಾಡಿದ ಮೇಲೆ ಲೈನಿನ ಆಯಿಲ್ ಸೋರಿ ಟರ್ಬೊ ಒಳಗೆ ತುಂಬಬಾರದು ಅಂತ. ಟರ್ಬೊ ಕೆಳಗೆ ಒಂದು ಪುಟ್ಟ ಡಬ್ಬಿ, ಆಯಿಲ್ ಅದರೊಳಗೆ ಬೀಳುತ್ತದೆ. ಡಬ್ಬಿಯ ತಳದಿಂದ ಪಂಪ್ ಎಳೆದು ಎಂಜಿನ್ನಿಗೆ ಕಳಿಸುತ್ತದೆ. ಪಂಪ್ ಗೇರ್ ಜಾತಿಯದ್ದು, ಬಿಸಿ ಆಯಿಲಿಗೇ ಮಾಡಿದ್ದು. ವಾಪಸ್ ಲೈನ್ 12 ಎಂಎಂ, ವಾಲ್ವ್ ಕವರಿನ ಆಯಿಲ್ ಹಾಕುವ ಬಾಯಿಗೆ ಬರುತ್ತದೆ.

ಲೈನುಗಳು ಎಷ್ಟು ಆಯಿಲ್ ಕುಡಿಯುತ್ತವೆ ಅಂತ ನೋಡಿದೆ. ಹೋಗುವ ಲೈನಿನಲ್ಲಿ 110 ಎಂಎಲ್, ಬರುವ ಲೈನಿನಲ್ಲಿ 450 ಎಂಎಲ್. ಒಟ್ಟು ಅರ್ಧ ಲೀಟರಿಗಿಂತ ಸ್ವಲ್ಪ ಮೇಲೆ. ಎಂಜಿನ್ ಹಿಡಿಯುವುದೇ ಐದು ಲೀಟರ್ ಚಿಲ್ಲರೆ. ಹಾಗಾಗಿ ಮೊದಲ ಸಲ ಓಡಿಸಿ ನಿಲ್ಲಿಸಿದ ಮೇಲೆ ಮತ್ತೆ ಅಳೆದು ತುಂಬಿಸಬೇಕು.

ಹುಬ್ಬಳ್ಳಿ_ಟರ್ಬೊ | ಹುಬ್ಬಳ್ಳಿ

ಬಹುತೇಕ ಸರಿ ಐತ್ರಿ. ಆದರೂ ನಾಲ್ಕು ಮಾತು.

ಟರ್ಬೊದ ಡ್ರೇನ್ ಬಾಯಿ ನೆಟ್ಟಗೆ ಕೆಳಗೆ ನೋಡಬೇಕು. ನೇರದಿಂದ 35 ಡಿಗ್ರಿಗಿಂತ ಜಾಸ್ತಿ ವಾಲಿಸಬೇಡಿ. ಜಾಗ ಸಾಲುವುದಿಲ್ಲ ಅಂತ ಸೆಂಟರ್ ಹೌಸಿಂಗ್ ತಿರುಗಿಸಿ ಕೂರಿಸುತ್ತಾರೆ, ಅಲ್ಲೇ ಕೆಡುವುದು.

ಟರ್ಬೊದಿಂದ ಡಬ್ಬಿಗೆ ಹೋಗುವ ಪೈಪು ಸಣ್ಣದು ಹಾಕಬೇಡಿ. ಒಳಗೆ ಹೋಗುವಾಗ ಆಯಿಲ್ ಶುದ್ಧ ಆಯಿಲ್, ಹೊರಗೆ ಬರುವಾಗ ಅರ್ಧ ನೊರೆ. ಶಾಫ್ಟ್ ಅದನ್ನು ಕಡೆದು ಹಾಕಿರುತ್ತದೆ, ಜೊತೆಗೆ ರಿಂಗ್ ದಾಟಿ ಬಂದ ಗ್ಯಾಸೂ ಸೇರಿರುತ್ತದೆ. ನೊರೆಗೆ ಜಾಗ ಬೇಕು. 16 ಎಂಎಂಗಿಂತ ಕಡಿಮೆ ಬೇಡ, 19 ಇದ್ದರೆ ಚಲೋ. ಇದೇ ಕಾರಣಕ್ಕೆ ಪಂಪಿನ ತಾಕತ್ತು ಒಳಗೆ ಹೋಗುವ ಆಯಿಲಿನ ಎರಡು ಮೂರು ಪಟ್ಟು ಇರಬೇಕು. ಅದು ಎಳೆಯುವುದು ಆಯಿಲ್ ಅಷ್ಟೇ ಅಲ್ಲ, ನೊರೆ.

ಆಯಿಲ್ ಹರಿವು ಕಡಿಮೆ ಮಾಡುವ ರಿಸ್ಟ್ರಿಕ್ಟರ್ ಹಾಕುತ್ತೀರೋ ಇಲ್ಲೋ ಹೇಳಿಲ್ಲ. ಬಾಲ್ ಬೇರಿಂಗ್ ಟರ್ಬೊಗೆ 1 ಎಂಎಂ ತೂತಿನ ರಿಸ್ಟ್ರಿಕ್ಟರ್ ಹಾಕುತ್ತಾರೆ. ಅದನ್ನು ನೋಡಿ ನೀವೂ ಜರ್ನಲ್ ಬೇರಿಂಗಿಗೆ 1 ಎಂಎಂ ಹಾಕಿದರೆ ಬೇರಿಂಗ್ ಒಣಗುತ್ತದೆ. ಒಂದೂವರೆ ಎಂಎಂ ಸುತ್ತಮುತ್ತ ಇರಲಿ. ಲಾರಿಯಲ್ಲಿ ನಾವು ಏನೂ ಹಾಕುವುದಿಲ್ಲ, ಆದರೆ ನಿಮ್ಮಲ್ಲಿ ಪಂಪು ಖಾಲಿ ಮಾಡಬೇಕಲ್ಲ.

ಕೊನೇದು, ಪಂಪ್ ನಿಂತರೆ ನಿಮಗೆ ಹೇಗೆ ಗೊತ್ತಾಗುತ್ತದೆ? ಕರಾವಳಿಯವರಿಗೆ ಕನ್ನಡಿ ಹೇಳಿತು. ಅಲ್ಲಿವರೆಗೆ ಕಾಯಬೇಡಿ.

ಟ್ಯೂನ್_ಮಾಡೋನು | ಫೀನಿಕ್ಸ್

ಕೊನೆಯದಕ್ಕೆ ನನ್ನ ಉತ್ತರ. ಪಂಪಿಗೆ ಬೇರೆಯೇ ರಿಲೇ, ಬೇರೆಯೇ ಫ್ಯೂಸ್, ಇಗ್ನಿಷನ್ ಆನ್ ಆದ ತಕ್ಷಣ ಓಡಬೇಕು. ವಾಪಸ್ ಲೈನಿನಲ್ಲಿ ಪಂಪ್ ಆದ ಮೇಲೆ ಒಂದು ಪ್ರೆಷರ್ ಸ್ವಿಚ್ ಇಡಿ, ಒತ್ತಡ ಬಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಜೊತೆಗೆ ಬಜರ್. ಬರೀ ಪಂಪಿಗೆ ಕರೆಂಟ್ ಹೋಗುತ್ತಿದೆಯಾ ಅಂತ ತೋರಿಸುವ ದೀಪ ಸಾಲದು. ಮೋಟರ್ ತಿರುಗುತ್ತಾ ಆಯಿಲ್ ಎಳೆಯದೇ ಇರುವುದೂ ಉಂಟು. ಕೀ ತೆಗೆದ ಮೇಲೂ ಒಂದು ನಿಮಿಷ ಪಂಪ್ ಓಡಲಿ, ಟೈಮರ್ ರಿಲೇ ಸಿಗುತ್ತದೆ.

ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಇನ್‌ಟೇಕಿಗೆ ಎಳೆಯುವ ಪಿಸಿವಿ ಮರೆಯಬೇಡಿ. ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಬೂಸ್ಟ್ ಬಂದರೆ ಅದು ಪಿಸಿವಿ ಮೂಲಕ ಕ್ರ್ಯಾಂಕ್‌ಕೇಸಿಗೆ ನುಗ್ಗಬಾರದು. ಚೆಕ್ ವಾಲ್ವ್ ಬೇಕು, ಆಯಿಲ್ ಹನಿ ಹಿಡಿಯುವ ಕ್ಯಾಚ್ ಕ್ಯಾನ್ ಬೇಕು.

ಕರಾವಳಿ_ಗಾಡಿ | ನ್ಯೂಜೆರ್ಸಿ

ಏರ್ ಫಿಲ್ಟರ್ ಎಲ್ಲಿ ಇಡುತ್ತೀರಿ? ಹಿಂದಿನ ಚಕ್ರದ ಹಿಂದೆ ಬಂಪರ್ ಒಳಗೆ ಇಡುವವರೇ ಜಾಸ್ತಿ. ಚಕ್ರ ಎರಚಿದ ನೀರು, ಮಣ್ಣು ಎಲ್ಲಾ ಅಲ್ಲಿಗೇ. ನೀರು ತಡೆಯುವ ಬಟ್ಟೆಯ ಕವರ್ ಹಾಕಿ, ಚಕ್ರದ ಕಡೆಗೆ ಒಂದು ತಗಡಿನ ತಡೆ ಮಾಡಿಸಿ. ನೀರು ನಿಂತ ಅಂಡರ್‌ಪಾಸಿನಲ್ಲಿ ಈ ಗಾಡಿ ಇಳಿಸಲೇಬೇಡಿ. ಮಾಮೂಲಿ ಕಾರಿನಲ್ಲಿ ಗಾಳಿ ಎಳೆಯುವ ಬಾಯಿ ಬಾನೆಟ್ ಎತ್ತರದಲ್ಲಿ, ನಿಮ್ಮದರಲ್ಲಿ ಮೊಣಕಾಲಿಗಿಂತ ಕೆಳಗೆ.

ಪೆಟ್ರೋಲ್ ಟ್ಯಾಂಕ್ ಅಲ್ಲೇ ಪಕ್ಕದಲ್ಲಿದೆ ಅನ್ನುವುದೂ ನೆನಪಿರಲಿ. ಟರ್ಬೈನ್ ಹೌಸಿಂಗಿಗೆ ಬ್ಲ್ಯಾಂಕೆಟ್, ಟ್ಯಾಂಕಿಗೆ ಹೀಟ್ ಶೀಲ್ಡ್, ಮಧ್ಯೆ ಗಾಳಿ ಆಡುವಷ್ಟು ಸಂದು. ಪ್ಲಾಸ್ಟಿಕ್ ಬಂಪರ್ ಕರಗಿದ್ದನ್ನು ನೋಡಿದ್ದೇನೆ, ಟ್ಯಾಂಕ್ ನೋಡುವುದು ಬೇಡ.

ಜೆಸಿರೋಡ್_ಹುಡುಗ | ಬೆಂಗಳೂರು

ಅಣ್ಣ, ಮಸ್ತ್ ಥ್ರೆಡ್. ನನ್ನ ಹತ್ತಿರ ಹಳೇ 1.5 ಪೆಟ್ರೋಲ್ ಸೆಡಾನ್ ಇದೆ. ಜೆಸಿ ರೋಡಿನಲ್ಲಿ ಡೀಸೆಲ್ ಕಾರಿನ ಸೆಕೆಂಡ್ ಹ್ಯಾಂಡ್ ಟರ್ಬೊ ಹುಡುಕಿ ಹಿಂದೆ ಹಾಕಿದರೆ ಆಗುತ್ತಾ?

ಉಷ್ಣಗತಿ | ಮೈಸೂರು

ತಮ್ಮಾ, ಹಾಕಲು ಆಗುತ್ತದೆ, ಓಡಿಸಲು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಇದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಇದನ್ನು. ಡೀಸೆಲ್ ಟರ್ಬೊದ ಟರ್ಬೈನ್ ಪೆಟ್ರೋಲ್ ಎಂಜಿನ್ನಿನ ಬಿಸಿಗೆ ಮಾಡಿದ್ದಲ್ಲ, ಅದೂ ಒಂದು. ಹಿಂದೆ ಇಟ್ಟರೆ ಬಿಸಿ ಕಡಿಮೆ ಅಂತ ವಾದ ಮಾಡಬೇಡ, ಗೊತ್ತು. ನಿನ್ನ ಗಾಡಿಯ ಅಡಿಯ ಪೈಪು ನಮ್ಮ ಹಂಪ್‌ಗಳನ್ನು ದಾಟಿ ಬರಬೇಕಲ್ಲ, ಅದನ್ನೂ ಯೋಚಿಸು.

ಸೂಪರ್‌ಚಾರ್ಜರ್_ಸುಬ್ಬ | ಹ್ಯೂಸ್ಟನ್

ಅಮೆರಿಕದಲ್ಲೂ ಪೂರ್ತಿ ಬಿಡುಬೀಸಾಗಿಲ್ಲ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವುದು ಫೆಡರಲ್ ಕಾನೂನಿಗೇ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಅವರ ಏರ್ ಬೋರ್ಡಿನ ಅಪ್ಪಣೆ ಸಂಖ್ಯೆ ಇಲ್ಲದ ಟರ್ಬೊ ಹಾಕಿದರೆ ಸ್ಮಾಗ್ ಟೆಸ್ಟ್ ದಾಟುವುದಿಲ್ಲ. ಮಿಶಿಗನ್‌ನಲ್ಲಿ ವರ್ಷವರ್ಷ ಟೆಸ್ಟ್ ಇಲ್ಲ, ಹಾಗಂತ ಕನ್ವರ್ಟರ್ ಕಿತ್ತು ಹಾಕಬೇಡ ಮಲ್ನಾಡು.

ಮಲ್ನಾಡ್_ಝಡ್28 | ಟ್ರಾಯ್, ಮಿಶಿಗನ್

ಕನ್ವರ್ಟರ್ ಎರಡೂ ಇರುತ್ತವೆ ಸುಬ್ಬಣ್ಣ. ಅವು ಮುಂದೆಯೇ ಇರುವುದರಿಂದ ಬೇಗ ಬಿಸಿಯಾಗುತ್ತವೆ. ಮುಂದೆ ಟರ್ಬೊ ಹಾಕಿದವರಿಗೆ ಈ ಭಾಗ್ಯ ಇಲ್ಲ.

ಮಲ್ನಾಡ್_ಝಡ್28 | ಟ್ರಾಯ್, ಮಿಶಿಗನ್

ಅಪ್‌ಡೇಟ್. ಗಾಡಿ ಸ್ಟಾರ್ಟ್ ಆಯಿತು, ಹೊಗೆ ಇಲ್ಲ.

ಕೆಲಸದಲ್ಲಿ ತಲೆ ತಿಂದಿದ್ದು ಎರಡು ಜಾಗ. ಒಂದು, ಆಕ್ಸಲ್ ಮೇಲೆ ಹಾದು ಹೋಗುವ ಬಿಸಿ ಪೈಪು. ಈ ಗಾಡಿಯಲ್ಲಿ ಆಕ್ಸಲ್ ಹಿಡಿದಿಡುವ ಪ್ಯಾನ್ಹಾರ್ಡ್ ರಾಡ್, ಟಾರ್ಕ್ ಆರ್ಮ್ ಎರಡೂ ಅಲ್ಲೇ ಓಡಾಡುತ್ತವೆ. ಗಾಡಿ ನಿಂತಾಗ ಎಲ್ಲಾ ಸರಿಯಾಗಿ ಕಾಣುತ್ತದೆ, ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಪೈಪು ತಾಗುತ್ತದೆ. ಸ್ಪ್ರಿಂಗ್ ಬಿಚ್ಚಿ ಆಕ್ಸಲನ್ನು ಜ್ಯಾಕ್‌ನಲ್ಲಿ ಬಂಪ್ ಸ್ಟಾಪ್ ತಾಗುವವರೆಗೆ ಎತ್ತಿ ನೋಡಿಯೇ ಪೈಪ್ ಟ್ಯಾಕ್ ವೆಲ್ಡ್ ಮಾಡಿದೆ. ಪೈಪಿಗೆ 409 ಸ್ಟೇನ್‌ಲೆಸ್ ಬಳಸಿದ್ದೇನೆ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆಗ ಗಾಡಿ ಹೊರಗೆ ತೆಗೆಯುವುದಿಲ್ಲ, ಆದರೂ ಇರಲಿ ಅಂತ. ಎರಡನೆಯದು ಪೆಟ್ರೋಲ್ ಪಂಪ್. ಟ್ಯಾಂಕ್ ಇಳಿಸಬೇಕಾದರೆ ಎಕ್ಸಾಸ್ಟ್ ಬಿಚ್ಚಬೇಕು, ಆಕ್ಸಲ್ ಇಳಿಸಬೇಕು. ಹೇಗೂ ಎರಡೂ ಕೆಳಗಿದ್ದವು, ಹಾಗಾಗಿ ಡಿಕ್ಕಿಯ ನೆಲ ಕತ್ತರಿಸದೆ ಕೆಲಸ ಮುಗಿಯಿತು.

ಟರ್ಬೊ ಫಿಟ್ ಮಾಡಿದ ಮೇಲೆ ಫ್ಯುಯಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ಬರೀ ಕ್ರ್ಯಾಂಕ್ ಮಾಡಿ, ಟರ್ಬೊ ಕೆಳಗಿನ ಡಬ್ಬಿಗೆ ಆಯಿಲ್ ಬಂತಾ ನೋಡಿದೆ. ಮೊದಲು ಗಾಳಿ ಗುಳುಗುಳು, ಆಮೇಲೆ ದಾರದಷ್ಟು ಆಯಿಲ್, ಆಮೇಲೆ ಸರಿಯಾಗಿ. ಅದಾದ ಮೇಲೆಯೇ ಸ್ಟಾರ್ಟ್. ಹುಬ್ಬಳ್ಳಿ ಅಣ್ಣ ಹೇಳಿದ ನೊರೆ ಕಣ್ಣಾರೆ ಕಂಡೆ. ಡಬ್ಬಿಯ ಪಕ್ಕಕ್ಕೆ ಒಂದು ಸಣ್ಣ ಗಾಜಿನ ಕಿಂಡಿ ಹಾಕಿಸಿದ್ದೆ. 2500 ಆರ್‌ಪಿಎಂ ದಾಟಿದರೆ ಒಳಗೆ ಇರುವುದು ಆಯಿಲ್ ಅಂತ ಯಾರೂ ಹೇಳುವುದಿಲ್ಲ, ತಿಳಿ ಕಂದು ಬಣ್ಣದ ಬುರುಗು. ಪಂಪ್ ಅದನ್ನು ಎಳೆಯುತ್ತಿದೆ. ಸದ್ದು ಮಾತ್ರ ಜೋರು, ರಬ್ಬರ್ ಬುಷ್ ಮೇಲೆ ಕೂರಿಸಿದರೂ ಸಿಗ್ನಲ್‌ನಲ್ಲಿ ನಿಂತಾಗ ಒಳಗೆ ಗುಂಯ್ ಅನ್ನುತ್ತದೆ.

ರಸ್ತೆಯಲ್ಲಿ: ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೆ 2600 ಸುಮಾರಿಗೆ ಬೂಸ್ಟ್ ಶುರು, 3200ಕ್ಕೆ ಪೂರ್ತಿ 6 ಪಿಎಸ್‌ಐ. ಗೇರ್ ಬದಲಿಸುವಾಗ ಬೀಳುತ್ತದೆ, ಮತ್ತೆ ಬರಲು ಕಣ್ಣು ಮಿಟುಕಿಸುವಷ್ಟು ಹೊತ್ತು. ಒಂದನೇ ಗೇರಿನಲ್ಲಿ ಬೂಸ್ಟ್ ಬರುವಷ್ಟರಲ್ಲಿ ಗೇರೇ ಮುಗಿದಿರುತ್ತದೆ, ಅದೇ ಒಳ್ಳೆಯದು. ಈ ಗಾಡಿಯ ಹಿಂದಿನ ಹತ್ತು ಬೋಲ್ಟಿನ ಡಿಫರೆನ್ಷಿಯಲ್ ಎಂಥಾ ಬಡಪಾಯಿ ಅಂತ ಎಲ್ಲರಿಗೂ ಗೊತ್ತು.

ಸೂಪರ್‌ಚಾರ್ಜರ್_ಸುಬ್ಬ | ಹ್ಯೂಸ್ಟನ್

3200ಕ್ಕೆ ಪೂರ್ತಿ ಬೂಸ್ಟಾ? ಸರಿ ಬಿಡಪ್ಪ. ಈಗ 10 ಪಿಎಸ್‌ಐ ಮಾಡು.

ಟ್ಯೂನ್_ಮಾಡೋನು | ಫೀನಿಕ್ಸ್

ಸುಬ್ಬನ ಮಾತು ಕೇಳಬೇಡಿ. ನಿಮ್ಮ ಗಾಡಿಯ ಲಾಗ್ ಫೈಲ್ (ಓಡಿಸುವಾಗ ಸೆನ್ಸರ್‌ಗಳು ಬರೆದಿಟ್ಟ ದಾಖಲೆ) ನೋಡಿದೆ, ಚೆನ್ನಾಗಿದೆ. 5500 ಮೇಲೆ ಏರ್ ಫ್ಯುಯಲ್ 11.8ಕ್ಕೆ ಹೋಗುತ್ತಿದೆ, ಸ್ವಲ್ಪ ಪೆಟ್ರೋಲ್ ಸೇರಿಸಿ ಕಳಿಸುತ್ತೇನೆ. ಏರ್ ಫ್ಯುಯಲ್ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಎಲ್ಲಿದೆ? ಟರ್ಬೊಗಿಂತ ಮುಂಚೆ ಇದ್ದರೆ ಒತ್ತಡಕ್ಕೆ ರೀಡಿಂಗ್ ಸ್ವಲ್ಪ ಆಚೀಚೆ ಆಗುತ್ತದೆ.

ಮಲ್ನಾಡ್_ಝಡ್28 | ಟ್ರಾಯ್, ಮಿಶಿಗನ್

ಟರ್ಬೊ ಆದ ಮೇಲೆ ಟೈಲ್ ಪೈಪಿನಲ್ಲಿದೆ ಸರ್. ಉತ್ತರ ಸ್ವಲ್ಪ ತಡ, ಆದರೆ ಒತ್ತಡದ ಗೊಂದಲ ಇಲ್ಲ. ಹಾಗಾಗಿ ಲಾಗ್‌ನಲ್ಲಿ ಆರ್‌ಪಿಎಂಗೂ ಏರ್ ಫ್ಯುಯಲ್‌ಗೂ ಒಂಚೂರು ಅಂತರ ಇಟ್ಟು ಓದಿ.

ಹುಬ್ಬಳ್ಳಿ_ಟರ್ಬೊ | ಹುಬ್ಬಳ್ಳಿ

ಬೂಸ್ಟ್ ಏರಿಸುವುದು ಆಮೇಲೆ. ಎರಡು ಟ್ಯಾಂಕ್ ಪೆಟ್ರೋಲ್ ಓಡಿದ ಮೇಲೆ ಗಾಡಿ ತಣ್ಣಗಿದ್ದಾಗ ಏರ್ ಫಿಲ್ಟರ್ ಬಿಚ್ಚಿ ಕಂಪ್ರೆಸರ್ ಚಕ್ರದ ಮೂಗು ಹಿಡಿದು ಆಡಿಸಿ ನೋಡ್ರಿ. ಮೇಲೆ ಕೆಳಗೆ ಒಂಚೂರು ಆಡುವುದು ಜರ್ನಲ್ ಬೇರಿಂಗಿನಲ್ಲಿ ಸಹಜ, ಚಕ್ರದ ರೆಕ್ಕೆ ಹೌಸಿಂಗಿಗೆ ತಾಗಬಾರದು. ಮುಂದಕ್ಕೆ ಹಿಂದಕ್ಕೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಡಬಾರದು. ಆಡಿದರೆ ಶಾಫ್ಟ್ ಮುಂದೆ ಹಿಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಆಯಿಲ್ ಕಾಣುತ್ತಿಲ್ಲ ಅಂತ ಅರ್ಥ. ಆ ಸಣ್ಣ ಜಾಲರಿ ಫಿಲ್ಟರನ್ನೂ ಬಿಚ್ಚಿ ತೊಳೆಯಿರಿ, ಹೊಸ ಹೋಸಿನ ಚೂರು ಏನಾದರೂ ಸಿಕ್ಕೇ ಸಿಗುತ್ತದೆ.

ಮಲ್ನಾಡ್_ಝಡ್28 | ಟ್ರಾಯ್, ಮಿಶಿಗನ್

ನೋಡಿದೆ ಅಣ್ಣ. ಮುಂದಕ್ಕೆ ಹಿಂದಕ್ಕೆ ಆಟ ಇಲ್ಲ. ಜಾಲರಿಯಲ್ಲಿ ಕಪ್ಪು ರಬ್ಬರಿನ ಎರಡು ಎಳೆ, ಕಣ್ಣಿಗೆ ಕಾಣದಷ್ಟು ಅಲ್ಯೂಮಿನಿಯಂ ಪುಡಿ. ಪುಡಿ ಫಿಟ್ಟಿಂಗಿನ ಥ್ರೆಡ್ಡಿನದ್ದು ಇರಬೇಕು. ತೊಳೆದು ಹಾಕಿದ್ದೇನೆ, ಮುಂದಿನ ಆಯಿಲ್ ಚೇಂಜ್‌ನಲ್ಲಿ ಮತ್ತೆ ಬಿಚ್ಚಿ ಫೋಟೊ ಹಾಕುತ್ತೇನೆ.